ಮನೆಯ ಆರೋಗ್ಯ ಕಡತ: ಪ್ರತಿ ಕುಟುಂಬದ ಕಾಯಕ

ಹೊಲದ ಪಹಣಿ ಎಲ್ಲಿದೆ ಎಂದು ಕೇಳಿದರೆ ನಮ್ಮ ಭಾಗದ ಯಾವ ಮನೆಯ ಯಜಮಾನರೂ ತಡವರಿಸುವುದಿಲ್ಲ. ಟ್ರಂಕಿನ ತಳದಲ್ಲಿ, ಹಳೆಯ ಖರೀದಿ ಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ನೀರಿನ ಕರದ ರಸೀದಿಗಳ ಜೊತೆಗೆ ಅದು ಬಟ್ಟೆಯಲ್ಲಿ ಸುತ್ತಿ ಭದ್ರವಾಗಿರುತ್ತದೆ. ಅದೇ ಯಜಮಾನರನ್ನು, "ನಿಮ್ಮ ರಕ್ತದ ಗುಂಪು ಯಾವುದು? ನಿಮ್ಮ ತಂದೆಯವರು ದಿನವೂ ನುಂಗುವ ಗುಳಿಗೆಯ ಹೆಸರೇನು? ಮೊಮ್ಮಗುವಿಗೆ ಕಡೆಯ ಲಸಿಕೆ ಹಾಕಿಸಿದ್ದು ಯಾವಾಗ?" ಎಂದು ಕೇಳಿ ನೋಡಿ. ಉತ್ತರ ಬರುವುದು ಕಷ್ಟ. ಆ ಕಾಗದಗಳು ಗೋಡೆಯ ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲೋ, ಹಾಸಿಗೆಯ ಕೆಳಗೋ, ಟಿ.ವಿ. ಇಟ್ಟ ಮೇಜಿನ ಹಿಂದೆಯೋ ಮುದುಡಿ ಬಿದ್ದಿರುತ್ತವೆ. ಭೂಮಿಯ ಕಾಗದಕ್ಕೆ ಇರುವ ಮರ್ಯಾದೆ ದೇಹದ ಕಾಗದಕ್ಕೆ ಇಲ್ಲವಾಗಿದೆ. ಕಾಯವನ್ನು ದೇಗುಲವೆಂದು ಬಗೆದ ಪರಂಪರೆಗೆ ಸೇರಿದ ನಾವು ಈ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾಗಿದೆ.

ಈ ತಿಂಗಳ ಆರೋಗ್ಯ ವಿಭಾಗದಲ್ಲಿ ನಾವು ಯಾವ ರೋಗದ ಬಗೆಗೂ ಬರೆಯುತ್ತಿಲ್ಲ. ಎಲ್ಲ ರೋಗಗಳ ಚಿಕಿತ್ಸೆಗೂ ನೆರವಾಗುವ ಒಂದು ಸರಳ ಶಿಸ್ತಿನ ಬಗೆಗೆ ಬರೆಯುತ್ತಿದ್ದೇವೆ. ಮನೆಯ ಪ್ರತಿಯೊಬ್ಬರ ವೈದ್ಯಕೀಯ ದಾಖಲೆಗಳನ್ನು ಕ್ರಮವಾಗಿ ಇಡುವುದೇ ಆ ಶಿಸ್ತು.

ಒಂದು ರಾತ್ರಿಯ ಸಂಗತಿ

ಭೀಮರಾಯನಗುಡಿಗೆ ಸಮೀಪದ ಹಳ್ಳಿಯೊಂದರ ಭಕ್ತರ ಮನೆಯಲ್ಲಿ ನಡೆದ ಪ್ರಸಂಗವಿದು. ಎಪ್ಪತ್ತು ದಾಟಿದ ಹಿರಿಯರು. ಎರಡು ವರ್ಷಗಳ ಹಿಂದೆ ದೂರದ ನಗರವೊಂದರಲ್ಲಿ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಲಾಗಿತ್ತು. ಒಂದು ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಗಾಯ ದೊಡ್ಡದೇನೂ ಆಗಿರಲಿಲ್ಲ. ಆದರೆ ಗಂಟೆಯೊಳಗೆ ಎರಡು ಬಾರಿ ವಾಂತಿಯಾಗಿ ಮಂಪರು ಕವಿಯಿತು. ಮನೆಯವರು 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ದರು.

ಕರ್ತವ್ಯದಲ್ಲಿದ್ದ ವೈದ್ಯರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, "ಇವರು ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುತ್ತಾರೆಯೇ?" ಎಂಬುದು. ಸೊಸೆ ಉತ್ತರಿಸಿದರು: "ಮುಂಜಾನೆ ಒಂದು ಬಿಳಿ ಗುಳಿಗೆ, ರಾತ್ರಿ ಒಂದು ಗುಲಾಬಿ ಬಣ್ಣದ್ದು, ಇನ್ನೊಂದು ಅರ್ಧ ಮುರಿದು ಕೊಡ್ತೀವ್ರೀ." ಹೆಸರು ಗೊತ್ತಿರಲಿಲ್ಲ. ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ಹಾಕಿ ಇಡುವ ರೂಢಿಯಾದ್ದರಿಂದ ಹೆಸರು ಓದಲು ಪಟ್ಟಿಯೂ ಇರಲಿಲ್ಲ. ಆಸ್ಪತ್ರೆಯ ಹಳೆಯ ಫೈಲು ಬೆಂಗಳೂರಿನಲ್ಲಿ ದುಡಿಯುತ್ತಿದ್ದ ಕಿರಿಯ ಮಗನ ಬಳಿ ಇತ್ತು. ಯಾವುದೋ ಬಿಲ್ಲಿನ ಕೆಲಸಕ್ಕೆಂದು ಒಯ್ದವರು ಮರಳಿ ತಂದಿರಲಿಲ್ಲ. ರಾತ್ರಿ ಪಾಳಿಯಲ್ಲಿದ್ದ ಅವರ ಮೊಬೈಲು ಬಂದ್ ಆಗಿತ್ತು. ಬೆಳಗಿನ ಜಾವದವರೆಗೆ ಆ ಕುಟುಂಬ ಪಟ್ಟ ಸಂಕಟವನ್ನು ವಿವರಿಸಬೇಕಾಗಿಲ್ಲ.

ಆ ಪ್ರಶ್ನೆಗೆ ಅಷ್ಟು ಮಹತ್ವ ಏಕೆ? ಸ್ಟೆಂಟ್ ಹಾಕಿಸಿಕೊಂಡವರಿಗೆ ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಕೊಟ್ಟಿರುತ್ತಾರೆ. ಅಂಥ ಔಷಧದಲ್ಲಿರುವವರ ತಲೆಗೆ ಸಣ್ಣ ಪೆಟ್ಟು ಬಿದ್ದರೂ ಒಳಗೆ ರಕ್ತಸ್ರಾವ ಹೆಚ್ಚುವ ಸಂಭವವಿದೆ. ಹಾಗೆಂದು ಔಷಧವನ್ನು ಒಮ್ಮೆಲೇ ನಿಲ್ಲಿಸಿದರೆ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಯಾವ ಔಷಧ, ಎಷ್ಟು ಪ್ರಮಾಣ, ಸ್ಟೆಂಟ್ ಹಾಕಿ ಎಷ್ಟು ಕಾಲವಾಯಿತು ಎಂಬ ಮೂರು ಸಂಗತಿ ತಿಳಿದರೆ ವೈದ್ಯರು ಈ ಎರಡು ಅಪಾಯಗಳನ್ನು ತೂಗಿ ನಿರ್ಧರಿಸಬಲ್ಲರು. ತಿಳಿಯದಿದ್ದರೆ ಕತ್ತಲಲ್ಲಿ ದಾರಿ ಹುಡುಕಿದಂತೆ.

ಆ ಹಿರಿಯರು ಬದುಕಿ ಮನೆಗೆ ಮರಳಿದರು. ಎಲ್ಲ ಮನೆಗಳಿಗೂ ಆ ಭಾಗ್ಯ ದೊರೆಯುತ್ತದೆಂದು ಹೇಳಲಾಗದು. ರೋಗಿಗೆ ಮಾತು ನಿಂತಾಗ ಅವನ ಪರವಾಗಿ ಮಾತನಾಡುವುದು ಅವನ ಕಾಗದ. ಆ ಕಾಗದ ಕೈಗೆ ಸಿಗದಿದ್ದರೆ ರೋಗಿ ಎರಡು ಬಾರಿ ಮೂಕನಾದಂತೆ.

ನಮ್ಮ ಭಾಗಕ್ಕೆ ಇದು ಏಕೆ ಹೆಚ್ಚು ಅಗತ್ಯ

ಭೀಮರಾಯನಗುಡಿ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಬಿ.ಗುಡಿ, ಕೃಷ್ಣಾ ಮೇಲ್ದಂಡೆ ಯೋಜನೆಯೊಂದಿಗೆ ಬೆಳೆದ ಊರು. ಕೃಷ್ಣಾ ಭಾಗ್ಯ ಜಲ ನಿಗಮದ ಕಚೇರಿಗಳು, ಕಾಡಾ ಕಚೇರಿ, ಕೃಷಿ ಮಹಾವಿದ್ಯಾಲಯ ಇಲ್ಲಿವೆ. ವರ್ಗಾವಣೆಯಾಗಿ ಬರುವವರು, ಹೋಗುವವರು ಅನೇಕರು. ಒಂದು ಊರಿನಲ್ಲಿ ಹೆರಿಗೆ, ಇನ್ನೊಂದು ಊರಿನಲ್ಲಿ ಮಗುವಿನ ಲಸಿಕೆ, ಮತ್ತೊಂದು ಊರಿನಲ್ಲಿ ಶಸ್ತ್ರಚಿಕಿತ್ಸೆ ಆಗಿರುತ್ತದೆ. ಕ್ವಾರ್ಟರ್ಸ್ ಬದಲಾದಾಗಲೆಲ್ಲ ಒಂದಷ್ಟು ಕಾಗದ ಕಳೆಯುತ್ತದೆ. ಸುತ್ತಲಿನ ಶಹಾಪುರ, ಸುರಪುರ, ಹುಣಸಗಿ, ವಡಗೇರಾ ತಾಲ್ಲೂಕುಗಳ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುವ ಕುಟುಂಬಗಳ ಪಾಡೂ ಇದೇ.

ಚಿಕಿತ್ಸೆಗೂ ನಾವು ಒಂದೇ ಕಡೆ ಹೋಗುವವರಲ್ಲ. ಜ್ವರಕ್ಕೆ ಊರಿನ ವೈದ್ಯರು, ಹೆರಿಗೆಗೆ ತಾಲ್ಲೂಕು ಆಸ್ಪತ್ರೆ, ದೊಡ್ಡ ಕಾಯಿಲೆಗೆ ಯಾದಗಿರಿ, ಕಲಬುರಗಿ, ರಾಯಚೂರು, ವಿಜಯಪುರ. ಅಲ್ಲಿಂದಾಚೆ ಸೊಲ್ಲಾಪುರ, ಹೈದರಾಬಾದು, ಬೆಂಗಳೂರು. ಒಂದು ಆಸ್ಪತ್ರೆ ಬರೆದದ್ದು ಸಾಮಾನ್ಯವಾಗಿ ಇನ್ನೊಂದಕ್ಕೆ ತಿಳಿಯುವುದಿಲ್ಲ. ಇವೆಲ್ಲವನ್ನೂ ಒಂದೆಡೆ ಸೇರಿಸಬಲ್ಲ ಜಾಗ ನಮ್ಮ ಮನೆ ಮಾತ್ರ.

ಇನ್ನು ಇಂದಿನ ಮನೆಗಳ ಗಡಿಬಿಡಿ. ಗಂಡ ಹೆಂಡತಿ ಇಬ್ಬರೂ ದುಡಿಯಬೇಕು. ಹತ್ತಿ ಬಿಡಿಸುವ ಕಾಲಕ್ಕೆ, ಭತ್ತದ ಕೊಯ್ಲಿನ ಕಾಲಕ್ಕೆ ಉಸಿರಾಡಲೂ ಪುರಸೊತ್ತಿಲ್ಲ. ಮಕ್ಕಳ ಶಾಲೆ, ಹಿರಿಯರ ಆರೈಕೆ, ಮದುವೆ, ಜಾತ್ರೆ. ಇದರ ನಡುವೆ ಚೀಟಿಗಳನ್ನು ಜೋಡಿಸಲು ಯಾರಿಗೆ ಬಿಡುವಿದೆ ಎಂದು ಕೇಳುವವರಿದ್ದಾರೆ. ಬಿಡುವಿಲ್ಲದ ಮನೆಗೇ ಈ ಕ್ರಮ ಹೆಚ್ಚು ಬೇಕು ಎಂಬುದು ನಮ್ಮ ಉತ್ತರ. ತಿಂಗಳಿಗೆ ಅರ್ಧ ಗಂಟೆ ಕೊಟ್ಟರೆ ಆಸ್ಪತ್ರೆಯ ಬಾಗಿಲಲ್ಲಿ ಕಳೆಯುವ ಅನೇಕ ಗಂಟೆಗಳು ಉಳಿಯುತ್ತವೆ. ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡಿಸುವ ಖರ್ಚೂ ತಪ್ಪುತ್ತದೆ.

ಹಳೆಯ ಕಾಗದ ವೈದ್ಯರಿಗೆ ಏನು ಹೇಳುತ್ತದೆ

"ಹಳೆಯ ಚೀಟಿಯಿಂದ ಏನು ಪ್ರಯೋಜನ? ಹೊಸದಾಗಿ ಪರೀಕ್ಷೆ ಮಾಡುತ್ತಾರಲ್ಲ" ಎಂದು ಕೆಲವರು ಭಾವಿಸುತ್ತಾರೆ. ಕೆಲವು ಉದಾಹರಣೆ ನೋಡೋಣ.

ಎದೆನೋವೆಂದು ಹೋದಾಗ ಇ.ಸಿ.ಜಿ. ತೆಗೆಯುತ್ತಾರೆ. ಅದರಲ್ಲಿ ಕಾಣುವ ವ್ಯತ್ಯಾಸ ಇಂದು ಉಂಟಾದದ್ದೋ, ಐದು ವರ್ಷಗಳಿಂದ ಇದ್ದದ್ದೋ ಎಂಬುದನ್ನು ಹಳೆಯ ಇ.ಸಿ.ಜಿ. ಪಕ್ಕದಲ್ಲಿಟ್ಟು ನೋಡಿದರೆ ಬೇಗ ತಿಳಿಯುತ್ತದೆ.

ಮೂತ್ರಪಿಂಡದ ಸ್ಥಿತಿಯನ್ನು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯೂ ಹಾಗೆಯೇ. ಒಂದು ವರದಿಯಲ್ಲಿ 1.4 ಎಂದಿದ್ದರೆ ಅದೊಂದರಿಂದ ಹೆಚ್ಚು ತಿಳಿಯದು. ಹಿಂದಿನ ವರ್ಷ 1.1, ಅದರ ಹಿಂದಿನ ವರ್ಷ 0.9 ಇತ್ತೆಂದು ಕಂಡರೆ ಮೂತ್ರಪಿಂಡ ಮೆಲ್ಲಗೆ ಸೋಲುತ್ತಿರಬಹುದೆಂಬ ಸೂಚನೆ ದೊರೆಯುತ್ತದೆ. ಮೊಣಕಾಲು ನೋವಿಗೆಂದು ವರ್ಷಗಟ್ಟಲೆ ನೋವಿನ ಗುಳಿಗೆ ನುಂಗುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅಂಥ ಕೆಲವು ಗುಳಿಗೆಗಳು ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ವರದಿಗಳನ್ನು ದಿನಾಂಕದ ಕ್ರಮದಲ್ಲಿ ಇಟ್ಟ ಮನೆಯಲ್ಲಿ ಆ ಹಾನಿ ಬೇಗ ಕಣ್ಣಿಗೆ ಬೀಳುತ್ತದೆ.

ಸಕ್ಕರೆ ಕಾಯಿಲೆಯವರಿಗೆ ಎಚ್‌ಬಿಎ1ಸಿ ಎಂಬ ಪರೀಕ್ಷೆ ಮಾಡಿಸುತ್ತಾರೆ. ಅದು ಹಿಂದಿನ ಎರಡು ಮೂರು ತಿಂಗಳುಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ. ಇಂದು ಉಪವಾಸವಿದ್ದು ಪರೀಕ್ಷೆಗೆ ಹೋದರೂ ಕಳೆದ ತಿಂಗಳುಗಳ ಹೋಳಿಗೆಯ ಲೆಕ್ಕ ಅದರಲ್ಲಿ ಬರುತ್ತದೆ. ಈ ವರದಿಗಳನ್ನು ಸಾಲಾಗಿ ನೋಡಿದಾಗ ಔಷಧ ಸಾಕಾಗುತ್ತಿದೆಯೇ ಎಂಬುದು ವೈದ್ಯರಿಗೆ ಸ್ಪಷ್ಟವಾಗುತ್ತದೆ.

ಹಿಂದೆ ಕ್ಷಯರೋಗಕ್ಕೆ ಚಿಕಿತ್ಸೆ ಪಡೆದವರಿಗೆ ಮತ್ತೆ ಕೆಮ್ಮು ಬಂದರೆ, ಆಗ ಯಾವ ಔಷಧ, ಎಷ್ಟು ತಿಂಗಳು ತೆಗೆದುಕೊಂಡಿದ್ದರು, ಪೂರ್ತಿ ಮಾಡಿದ್ದರೇ ಎಂಬುದು ಬಹಳ ಮುಖ್ಯ. ಔಷಧಕ್ಕೆ ಬಗ್ಗದ ಕ್ಷಯವನ್ನು ಗುರುತಿಸಲು ಆ ಮಾಹಿತಿ ನೆರವಾಗುತ್ತದೆ.

ನಾಯಿ ಕಚ್ಚಿದ ಪ್ರಸಂಗವನ್ನೂ ನೋಡಿ. ಹಿಂದೆ ರೇಬೀಸ್ ಲಸಿಕೆಯನ್ನು ಪೂರ್ತಿ ಪಡೆದ ದಾಖಲೆಯಿದ್ದರೆ, ಮತ್ತೆ ನಾಯಿ ಕಚ್ಚಿದಾಗ ಸಾಮಾನ್ಯವಾಗಿ ಮೊದಲ ದಿನ ಹಾಗೂ ಮೂರನೆಯ ದಿನದ ಎರಡು ಚುಚ್ಚುಮದ್ದು ಸಾಕಾಗುತ್ತವೆ; ಗಾಯದ ಸುತ್ತ ಹಾಕುವ ಇಮ್ಯುನೋಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ದಾಖಲೆ ಇಲ್ಲದಿದ್ದರೆ ಇಡೀ ಚಿಕಿತ್ಸೆಯನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಇನ್ನೊಂದು ಸಾಮಾನ್ಯ ತಪ್ಪೆಂದರೆ ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ನುಂಗುವುದು. ಶಹಾಪುರದ ವೈದ್ಯರು ಬರೆದದ್ದು ಒಂದು ಕಂಪನಿಯ ಹೆಸರು, ಕಲಬುರಗಿಯ ವೈದ್ಯರು ಬರೆದದ್ದು ಇನ್ನೊಂದು ಕಂಪನಿಯ ಹೆಸರು. ಒಳಗಿನ ಔಷಧ ಒಂದೇ. ರೋಗಿ ಎರಡನ್ನೂ ನುಂಗಿದರೆ ರಕ್ತದೊತ್ತಡವೋ ಸಕ್ಕರೆಯೋ ಹಠಾತ್ತನೆ ಕುಸಿಯುತ್ತದೆ. ಎರಡೂ ಚೀಟಿಗಳು ಒಂದೇ ಫೈಲಿನಲ್ಲಿದ್ದು ಅದನ್ನು ವೈದ್ಯರಿಗೆ ತೋರಿಸಿದ್ದರೆ ಈ ಅಪಾಯ ತಪ್ಪುತ್ತದೆ.

ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು

ಎಲ್ಲವನ್ನೂ ಕೂಡಿಟ್ಟರೆ ಬೇಕಾದದ್ದು ಸಿಗುವುದಿಲ್ಲ. ಆದ್ದರಿಂದ ಕಾಗದಗಳನ್ನು ಮೂರು ಬಗೆಯಾಗಿ ವಿಂಗಡಿಸಬೇಕು.

ಜೀವನಪೂರ್ತಿ ಇಡಬೇಕಾದವು: ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್‌ಚಾರ್ಜ್ ಸಾರಾಂಶ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಸ್ಟೆಂಟ್, ಪೇಸ್‌ಮೇಕರ್, ಮೂಳೆಗೆ ಹಾಕಿದ ರಾಡು ಮುಂತಾದವುಗಳ ಕಾರ್ಡು, ಗಡ್ಡೆಯ ತುಣುಕನ್ನು ಪರೀಕ್ಷಿಸಿದ ಬಯಾಪ್ಸಿ ವರದಿ, ರಕ್ತದ ಗುಂಪಿನ ವರದಿ, ಲಸಿಕೆಯ ಕಾರ್ಡು, ಔಷಧದ ಅಲರ್ಜಿಯ ಬಗೆಗೆ ಬರೆದ ಚೀಟಿ. ಇವುಗಳಲ್ಲಿ ಡಿಸ್‌ಚಾರ್ಜ್ ಸಾರಾಂಶವೇ ಎಲ್ಲಕ್ಕಿಂತ ಮುಖ್ಯ. ಇಡೀ ಚಿಕಿತ್ಸೆಯ ಸಾರ ಅದರ ಒಂದೆರಡು ಪುಟಗಳಲ್ಲಿ ಅಡಗಿರುತ್ತದೆ.

ಕೆಲವು ವರ್ಷ ಇಡಬೇಕಾದವು: ರಕ್ತ, ಮೂತ್ರ ಪರೀಕ್ಷೆಗಳು, ಸ್ಕ್ಯಾನಿಂಗ್ ವರದಿಗಳು, ಇ.ಸಿ.ಜಿ., ದೀರ್ಘಕಾಲದ ಕಾಯಿಲೆಯ ಔಷಧದ ಚೀಟಿಗಳು. ಸಕ್ಕರೆ ಕಾಯಿಲೆ, ಬಿ.ಪಿ., ಹೃದಯ ಹಾಗೂ ಮೂತ್ರಪಿಂಡದ ತೊಂದರೆ ಇದ್ದವರು ಇವನ್ನು ತೆಗೆದುಹಾಕದಿರುವುದೇ ಒಳ್ಳೆಯದು.

ಬಿಡಬಹುದಾದವು: ಬಂದು ಹೋದ ನೆಗಡಿ, ಜ್ವರ, ಭೇದಿಯ ಹಳೆಯ ಚೀಟಿಗಳು, ವಿಮೆಗೋ ಕಚೇರಿಯ ಮರುಪಾವತಿಗೋ ಬೇಕಿಲ್ಲದ ಔಷಧ ಅಂಗಡಿಯ ಬಿಲ್ಲುಗಳು. ಹಳೆಯ ಚೀಟಿ ತೋರಿಸಿ ಅದೇ ಔಷಧವನ್ನು ತಾವಾಗಿಯೇ ತಂದು ನುಂಗುವ ಅಭ್ಯಾಸ ನಮ್ಮಲ್ಲಿದೆ. ಹಳೆಯ ಚೀಟಿ ವೈದ್ಯರ ಕಣ್ಣಿಗೆ ಮಾಹಿತಿ; ನಮ್ಮ ಸ್ವಂತ ಚಿಕಿತ್ಸೆಗೆ ಪರವಾನಗಿಯಲ್ಲ.

ಕಡತವನ್ನು ಕಟ್ಟುವ ಬಗೆ

ಇಂದು ಕಚೇರಿಯ ಫೈಲಿಗೆ ನಾವು ಕಡತ ಎನ್ನುತ್ತೇವೆ. ಹಿಂದೆ ಕಡತವೆಂದರೆ ಬಟ್ಟೆಗೆ ಹುಣಸೆ ಬೀಜದ ಸರಿ ಹಾಗೂ ಇದ್ದಿಲಿನ ಪುಡಿ ಬಳಿದು ಒಣಗಿಸಿ, ಮಡಿಚುವ ಪುಸ್ತಕದಂತೆ ಮಾಡಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಸಾಧನ. ನಮ್ಮ ಹಿರಿಯರಿಗೆ ಲೆಕ್ಕಪತ್ರದ ಶಿಸ್ತು ಹೊಸದಲ್ಲ. ಅದನ್ನು ಆರೋಗ್ಯಕ್ಕೂ ಅನ್ವಯಿಸಿದರೆ ಸಾಕು.

ಮನೆಯಲ್ಲಿ ಎಷ್ಟು ಜನರೋ ಅಷ್ಟು ಫೈಲುಗಳಿರಲಿ. ಹೊರಗೆ ದೊಡ್ಡ ಅಕ್ಷರದಲ್ಲಿ ಹೆಸರಿರಲಿ. ಓದಲು ಬಾರದ ಹಿರಿಯರಿಗೆ ಗುರುತು ಸಿಗುವಂತೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಫೈಲು ಇಟ್ಟರೆ ಉತ್ತಮ. ಒಳಗಿನ ಕಾಗದಗಳು ದಿನಾಂಕದ ಕ್ರಮದಲ್ಲಿದ್ದು, ಹೊಸದು ಮೇಲೆ, ಹಳೆಯದು ಕೆಳಗೆ ಇರಲಿ. ಎಲ್ಲ ಫೈಲುಗಳೂ ಒಂದೇ ಪೆಟ್ಟಿಗೆಯಲ್ಲಿದ್ದು, ಆ ಪೆಟ್ಟಿಗೆಯ ಜಾಗ ಎಂದೂ ಬದಲಾಗದಿರಲಿ. ಅದಕ್ಕೆ ಬೀಗ ಬೇಡ. ಕೀಲಿ ಯಾರ ಬಳಿಯೋ ಇದ್ದು ಅವರು ಊರಲ್ಲಿ ಇಲ್ಲದಿದ್ದರೆ ಮತ್ತೆ ಮೊದಲಿನ ಕಥೆಯೇ ಆಗುತ್ತದೆ.

ಪ್ರತಿ ಫೈಲಿನ ಮೊದಲ ಪುಟ ಕೈಬರಹದ ಒಂದು ಹಾಳೆಯಾಗಿರಬೇಕು. ರಾತ್ರಿಯ ವೇಳೆ ವೈದ್ಯರು ಇಡೀ ಫೈಲು ಓದುವಷ್ಟು ಸಮಯವಿರುವುದಿಲ್ಲ. ಈ ಹಾಳೆಯನ್ನು ಓದುತ್ತಾರೆ. ಅದರಲ್ಲಿ ಇರಬೇಕಾದವು:

1. ಪೂರ್ಣ ಹೆಸರು, ಹುಟ್ಟಿದ ವರ್ಷ, ರಕ್ತದ ಗುಂಪು.
2. ಈಗಿರುವ ಕಾಯಿಲೆಗಳು, ಅವು ಆರಂಭವಾದ ವರ್ಷ.
3. ಆದ ಶಸ್ತ್ರಚಿಕಿತ್ಸೆಗಳು, ವರ್ಷ, ಊರು.
4. ಈಗ ತೆಗೆದುಕೊಳ್ಳುತ್ತಿರುವ ಔಷಧಗಳು: ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ.
5. ಯಾವ ಔಷಧ ಒಗ್ಗುವುದಿಲ್ಲ, ಅದರಿಂದ ಏನಾಗಿತ್ತು.
6. ನೋಡುತ್ತಿರುವ ವೈದ್ಯರ ಹೆಸರು, ದೂರವಾಣಿ.
7. ಮನೆಯ ಇಬ್ಬರ ದೂರವಾಣಿ ಸಂಖ್ಯೆ.
8. ಈ ಹಾಳೆಯನ್ನು ಬರೆದ ದಿನಾಂಕ.

ಕಡೆಯ ಅಂಶವನ್ನು ಅನೇಕರು ಮರೆಯುತ್ತಾರೆ. ದಿನಾಂಕವಿಲ್ಲದ ಔಷಧಪಟ್ಟಿ ದಾರಿ ತಪ್ಪಿಸುತ್ತದೆ. ಔಷಧ ಬದಲಾದ ದಿನವೇ ಹೊಸ ಹಾಳೆ ಬರೆದು ಹಳೆಯದಕ್ಕೆ ಅಡ್ಡಗೆರೆ ಎಳೆಯಬೇಕು. ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ತುಂಬುವವರು ಖಾಲಿ ಪಟ್ಟಿಯೊಂದನ್ನಾದರೂ ಹೆಸರು ಕಾಣುವಂತೆ ಫೈಲಿನಲ್ಲಿ ಇಡಲಿ. ಊರಿನ ನಾಟಿ ಔಷಧ, ಕಷಾಯ, ಭಸ್ಮ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಸಂಕೋಚವಿಲ್ಲದೆ ಬರೆಯಬೇಕು. ಕೆಲವು ನಾಟಿ ಔಷಧಗಳು ಆಸ್ಪತ್ರೆಯ ಔಷಧಗಳೊಂದಿಗೆ ಹೊಂದುವುದಿಲ್ಲ.

ತಾಯಿ ಮತ್ತು ಮಗುವಿನ ದಾಖಲೆ

ಗರ್ಭಿಣಿಯರಿಗೆ ಆರೋಗ್ಯ ಇಲಾಖೆ ಕೊಡುವ ತಾಯಿ ಕಾರ್ಡು ಸಣ್ಣ ಪುಸ್ತಕವಾದರೂ ದೊಡ್ಡ ದಾಖಲೆ. ತಾಯಿಯ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಪಡೆದ ಚುಚ್ಚುಮದ್ದು, ಮುಂದೆ ಮಗುವಿನ ಬೆಳವಣಿಗೆ, ಲಸಿಕೆ ಎಲ್ಲವೂ ಅದರಲ್ಲಿ ಇರುತ್ತವೆ. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯಿದೆ. ಸೀರೆ, ಕುಪ್ಪಸ, ಕುಬಸದ ಸಾಮಾನು ಕಟ್ಟುವಾಗ ತಾಯಿ ಕಾರ್ಡನ್ನು ಮೊದಲು ಕಟ್ಟಬೇಕು.

ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದು ಹುಟ್ಟಿದ ಮಗುವಿನದು ಪಾಸಿಟಿವ್ ಆಗಿದ್ದರೆ, ಹೆರಿಗೆಯಾದ 72 ಗಂಟೆಗಳೊಳಗೆ ತಾಯಿಗೆ ಆ್ಯಂಟಿ-ಡಿ ಚುಚ್ಚುಮದ್ದು ಕೊಡಬೇಕು. ಅದು ತಪ್ಪಿದರೆ ಮುಂದಿನ ಗರ್ಭದ ಮಗುವಿಗೆ ಅಪಾಯ. ಗರ್ಭಪಾತವಾದಾಗಲೂ ವೈದ್ಯರು ಇದನ್ನು ಪರಿಗಣಿಸುತ್ತಾರೆ. ಈ ಒಂದು ಸಾಲಿನ ಮಾಹಿತಿ ಕಾಗದದ ಮೇಲಿದ್ದರೆ ಹುಟ್ಟಲಿರುವ ಒಂದು ಜೀವ ಉಳಿಯಬಹುದು.

ಮಗುವಿನ ಲಸಿಕೆಗಳು ಹುಟ್ಟಿದ ಕೂಡಲೇ ಆರಂಭವಾಗಿ 6, 10, 14ನೆಯ ವಾರಗಳಲ್ಲಿ, 9ನೆಯ ತಿಂಗಳಿನಲ್ಲಿ, ಒಂದೂವರೆ ವರ್ಷದ ಸುಮಾರಿಗೆ, ಮುಂದೆ 5ರಿಂದ 6 ವರ್ಷದೊಳಗೆ, 10 ಮತ್ತು 16ನೆಯ ವರ್ಷಗಳಲ್ಲಿ ಮುಂದುವರಿಯುತ್ತವೆ. ಗುಳೆ ಹೋಗುವ ಕುಟುಂಬಗಳು ಕಾರ್ಡನ್ನು ಜೊತೆಗೆ ಒಯ್ದರೆ ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಅಂಗನವಾಡಿಯಲ್ಲಿ ಲಸಿಕೆ ಮುಂದುವರಿಸಬಹುದು. ಕಾರ್ಡು ಕಳೆದರೆ ಹೊಸದು ಮಾಡಿಸಲು ಮೊದಲು ಆಶಾ ಕಾರ್ಯಕರ್ತೆಯರನ್ನು ಅಥವಾ ಆರೋಗ್ಯ ಕಾರ್ಯಕರ್ತೆಯರನ್ನು ಕಾಣಬೇಕು.

ಕಾಗದವನ್ನು ಕಾಪಾಡುವುದು

ನಮ್ಮ ಯಾದಗಿರಿ ಜಿಲ್ಲೆಯ ಬಿಸಿಲು ಕಾಗದಕ್ಕೂ ಶತ್ರು. ಇ.ಸಿ.ಜಿ. ಪಟ್ಟಿ, ಕೆಲವು ಬಿಲ್ಲುಗಳು, ಸ್ಕ್ಯಾನಿಂಗ್‌ನ ಸಣ್ಣ ಚಿತ್ರಗಳು ಶಾಖಕ್ಕೆ ಕಪ್ಪಾಗುವ ವಿಶೇಷ ಕಾಗದದ ಮೇಲೆ ಮುದ್ರಿತವಾಗಿರುತ್ತವೆ. ಕಾಲ ಕಳೆದಂತೆ, ಬಿಸಿಲು ತಗುಲಿದಂತೆ ಅಕ್ಷರಗಳು ಮಾಸಿ ಬರೀ ಬಿಳಿ ಹಾಳೆ ಉಳಿಯುತ್ತದೆ. ಆದ್ದರಿಂದ ಮನೆಗೆ ಬರುವ ದಾರಿಯಲ್ಲಿಯೇ ಅದರ ಝೆರಾಕ್ಸ್ ಮಾಡಿಸಿ ಎರಡನ್ನೂ ಇಡಬೇಕು. ಭದ್ರವಾಗಿರಲೆಂದು ಇಂಥ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿದರೆ ಯಂತ್ರದ ಬಿಸಿಗೆ ಇಡೀ ಹಾಳೆ ಕಪ್ಪಾಗಿ ಹೋಗುತ್ತದೆ. ಅದನ್ನು ಎಂದಿಗೂ ಮಾಡಬಾರದು.

ತಗಡಿನ ಮನೆಯವರು ಪೆಟ್ಟಿಗೆಯನ್ನು ತಗಡಿಗೆ ತಾಗುವ ಅಟ್ಟದ ಮೇಲೆ ಇಡದಿರಲಿ. ಮಣ್ಣಿನ ಗೋಡೆಯ ಗೂಡಿನಲ್ಲಿಟ್ಟರೆ ಗೆದ್ದಲಿನ ಭಯ. ಮುಚ್ಚಳವಿರುವ ಸ್ಟೀಲು ಅಥವಾ ಪ್ಲಾಸ್ಟಿಕ್ ಪೆಟ್ಟಿಗೆ ಲೇಸು. ಕೃಷ್ಣೆ ಮತ್ತು ಭೀಮೆಯ ದಂಡೆಯ ಊರುಗಳವರು 2009, 2019, 2020ರ ಪ್ರವಾಹಗಳನ್ನು ಮರೆತಿಲ್ಲ. ಆ ಊರುಗಳಲ್ಲಿ ಈ ಪೆಟ್ಟಿಗೆ ಮಳೆಗಾಲದ ಹೊತ್ತಿಗೆ ನೀರು ಹೋಗದ ಚೀಲದೊಳಗೆ, ಎತ್ತಿಕೊಂಡು ಹೊರಡಲು ಸುಲಭವಾದ ಜಾಗದಲ್ಲಿ ಇರಬೇಕು.

ಮೊಬೈಲಿನಲ್ಲಿ ಒಂದು ಪ್ರತಿ

ಈಗ ಬಹುತೇಕ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. ಪ್ರತಿಯೊಬ್ಬರ ಮೊದಲ ಪುಟ ಹಾಗೂ ಡಿಸ್‌ಚಾರ್ಜ್ ಸಾರಾಂಶದ ಸ್ಪಷ್ಟ ಚಿತ್ರ ತೆಗೆದು ಮನೆಯ ಕನಿಷ್ಠ ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಬೇಕು. ಊರಿನಲ್ಲಿರುವವರ ಬಳಿ ಒಂದು, ದೂರದ ನಗರದಲ್ಲಿರುವ ಮಕ್ಕಳ ಬಳಿ ಒಂದು. ಮೇಲೆ ಹೇಳಿದ ಮನೆಯಲ್ಲಿ ಇಷ್ಟೊಂದು ಚಿತ್ರವಿದ್ದಿದ್ದರೆ ಆ ರಾತ್ರಿಯ ಪರದಾಟವೇ ಇರುತ್ತಿರಲಿಲ್ಲ. ಮೊಬೈಲು ಒಡೆಯುತ್ತದೆ, ಕಳೆಯುತ್ತದೆ, ಚಾರ್ಜು ಮುಗಿಯುತ್ತದೆ. ಆದ್ದರಿಂದ ಅದು ಕಾಗದದ ಜೊತೆಗಾರನಾಗಿರಲಿ, ಕಾಗದದ ಬದಲಿಯಾಗದಿರಲಿ.

ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ ಪ್ರತಿಯೊಬ್ಬರೂ 14 ಅಂಕಿಗಳ 'ಆಭಾ' ಸಂಖ್ಯೆ ಪಡೆಯಬಹುದು. ಈ ವ್ಯವಸ್ಥೆಗೆ ಸೇರಿದ ಆಸ್ಪತ್ರೆಗಳ ವರದಿಗಳನ್ನು ಆ ಸಂಖ್ಯೆಗೆ ಜೋಡಿಸಬಹುದು. ನಮ್ಮ ಒಪ್ಪಿಗೆ ಪಡೆದು ಇನ್ನೊಂದು ಆಸ್ಪತ್ರೆ ಅವನ್ನು ನೋಡಬಹುದು. ಆದರೆ ಇದಕ್ಕೆ ಸೇರದ ಕಡೆಯ ಚಿಕಿತ್ಸೆ ಅದರಲ್ಲಿ ತಾನಾಗಿ ಬರುವುದಿಲ್ಲ ಎಂಬುದನ್ನು ನೆನಪಿಡಬೇಕು.

ಒಂದು ಎಚ್ಚರಿಕೆ. ಕುಟುಂಬದವರ ವರದಿಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಕಿ "ಇದಕ್ಕೆ ಏನು ಮಾಡಬೇಕು" ಎಂದು ಕೇಳುವುದು ಸರಿಯಲ್ಲ. ಒಬ್ಬರ ಕಾಯಿಲೆ ಊರಿನ ಮಾತಾಗಬಾರದು. ಮದುವೆಯ ವಯಸ್ಸಿನ ಮಕ್ಕಳಿರುವ ಮನೆಗಳು ಇದರ ನೋವನ್ನು ಬಲ್ಲವು. ವೈದ್ಯರಿಗೆ ಮಾತ್ರ ತೋರಿಸಬೇಕಾದದ್ದನ್ನು ವೈದ್ಯರಿಗೆ ಮಾತ್ರ ತೋರಿಸಬೇಕು.

ನಮ್ಮ ಹಕ್ಕು, ನಮ್ಮ ಸೌಲಭ್ಯ

ದಾಖಲೆ ಕೇಳಿದರೆ ಆಸ್ಪತ್ರೆಯವರು ಸಿಟ್ಟಾಗುವರೇನೋ ಎಂದು ಅಳುಕುವವರಿದ್ದಾರೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ವೈದ್ಯರು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಇಟ್ಟುಕೊಂಡಿರಬೇಕು. ರೋಗಿ ಅಥವಾ ಅವನ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಸೌಜನ್ಯದಿಂದ, ಬರವಣಿಗೆಯಲ್ಲಿ ಕೇಳಿ ಪಡೆಯಬಹುದು. ಆದರೆ ಮೂರು ವರ್ಷದ ನಂತರ ಅಲ್ಲಿ ಸಿಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಬಿಡುಗಡೆಯ ದಿನವೇ ಎಲ್ಲ ಕಾಗದಗಳನ್ನು ಕೇಳಿ ತರಬೇಕು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶ ಕಲ್ಪಿಸಲಾಗಿದೆ. ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ಪಡೆಯಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಪಡಿತರ ಚೀಟಿ, ಆಧಾರ್, ಯೋಜನೆಯ ಕಾರ್ಡುಗಳ ಝೆರಾಕ್ಸ್ ಪ್ರತಿಗಳನ್ನು ಇದೇ ಪೆಟ್ಟಿಗೆಯಲ್ಲಿ ಪ್ರತ್ಯೇಕ ಲಕೋಟೆಯಲ್ಲಿ ಇಟ್ಟರೆ ತುರ್ತಿನ ಹೊತ್ತಿನಲ್ಲಿ ಮನೆಗೆ ಮತ್ತೊಮ್ಮೆ ಓಡುವುದು ತಪ್ಪುತ್ತದೆ. ಆರೋಗ್ಯದ ಬಗೆಗಿನ ಸಲಹೆಗೆ 104, ಆಂಬುಲೆನ್ಸ್‌ಗೆ 108 ಎಂಬ ಎರಡು ಸಂಖ್ಯೆಗಳನ್ನು ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಬರೆದಿಡಿ.

ಇದು ಯಾರ ಕಾಯಕ?

ಬಹುತೇಕ ಮನೆಗಳಲ್ಲಿ ಈ ಎಲ್ಲ ಮಾಹಿತಿ ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ಹೆಚ್ಚಾಗಿ ಅದು ಮನೆಯ ತಾಯಿ ಅಥವಾ ಸೊಸೆ. ಯಾರಿಗೆ ಯಾವ ಗುಳಿಗೆ, ಯಾರಿಗೆ ಯಾವ ಪಥ್ಯ ಎಂಬುದು ಅವರಿಗೆ ಗೊತ್ತು. ಆದರೆ ಅವರೇ ಹಾಸಿಗೆ ಹಿಡಿದ ದಿನ ಹೇಳುವವರು ಯಾರು? ಮನೆಯವರೆಲ್ಲರ ಫೈಲು ಇದ್ದು ತಾಯಿಯ ಫೈಲೇ ಇಲ್ಲದ ಮನೆಗಳನ್ನು ನಾವು ಕಂಡಿದ್ದೇವೆ. ತನ್ನ ನೋವನ್ನು ಹೇಳಿಕೊಳ್ಳದ ಆಕೆಯ ಹೆಸರಿನಲ್ಲಿಯೇ ಮೊದಲ ಫೈಲು ಆರಂಭವಾಗಲಿ. ಈ ಕೆಲಸವನ್ನು ಗಂಡ, ಮಕ್ಕಳು ಎಲ್ಲರೂ ಹಂಚಿಕೊಳ್ಳಲಿ. ಹೈಸ್ಕೂಲು ಓದುವ ಮಗನೋ ಮಗಳೋ ಅಜ್ಜ ಅಜ್ಜಿಯರ ಮೊದಲ ಪುಟವನ್ನು ಅಂದವಾಗಿ ಬರೆದುಕೊಡಬಲ್ಲರು. ಬರೆಯುತ್ತ ಬರೆಯುತ್ತ ಆ ಹಿರಿಯರ ಕಷ್ಟವೂ ಅವರಿಗೆ ಅರಿವಾಗುತ್ತದೆ.

ಕಲ್ಯಾಣದ ಶರಣ ಸಮೂಹದಲ್ಲಿ ವೈದ್ಯ ವೃತ್ತಿಯನ್ನೇ ಕಾಯಕವಾಗಿಸಿಕೊಂಡ ವೈದ್ಯ ಸಂಗಣ್ಣ ಇದ್ದರು. ವಚನಗಳ ಕಟ್ಟುಗಳನ್ನು ಕಾಯುವುದನ್ನೇ ಕಾಯಕವಾಗಿಸಿಕೊಂಡ ವಚನ ಭಂಡಾರಿ ಶಾಂತರಸರೂ ಇದ್ದರು. ಬರೆದದ್ದನ್ನು ಜೋಪಾನ ಮಾಡುವುದೂ ಬರೆಯುವಷ್ಟೇ ಹಿರಿದಾದ ಕಾಯಕವೆಂದು ನಮ್ಮ ಪರಂಪರೆ ಎಂಟು ನೂರು ವರ್ಷಗಳ ಹಿಂದೆಯೇ ಮನಗಂಡಿತ್ತು. ಮುಂದೆ ವಿಜಯಪುರದ ಡಾ. ಫ.ಗು. ಹಳಕಟ್ಟಿಯವರು ಮನೆ ಮನೆಗಳಿಂದ ತಾಡೋಲೆಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಲು ಸಾಧ್ಯವಾದದ್ದು, ಹೆಸರೂ ತಿಳಿಯದ ಎಷ್ಟೋ ಕುಟುಂಬಗಳು ಆ ಕಟ್ಟುಗಳನ್ನು ತಲೆಮಾರುಗಳ ಕಾಲ ಬಟ್ಟೆಯಲ್ಲಿ ಸುತ್ತಿ ಕಾಪಾಡಿದ್ದರಿಂದ. ಅಂಥ ಮನೆತನಗಳ ಮಕ್ಕಳಾದ ನಮಗೆ ಮನೆಯವರ ಆರೋಗ್ಯದ ನಾಲ್ಕು ಕಾಗದಗಳನ್ನು ಕಾಯುವುದು ಭಾರವಾಗಬಾರದು.

ಅಮಾವಾಸ್ಯೆಯ ದಿನ ನಮ್ಮ ರೈತಾಪಿ ಮನೆಗಳಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅನೇಕರು ಅಂದು ಮಠಕ್ಕೆ ಬರುತ್ತಾರೆ. ಬರುವ ಅಮಾವಾಸ್ಯೆಯಂದು ಮಠದಿಂದ ಮರಳಿದ ಮೇಲೆ ಮನೆಯವರೆಲ್ಲ ಕೂಡಿ ಕುಳಿತು ಆ ಪ್ಲಾಸ್ಟಿಕ್ ಚೀಲವನ್ನು ಮೊಳೆಯಿಂದ ಇಳಿಸಿ. ಕಾಗದಗಳನ್ನು ಹರವಿ, ಒಬ್ಬೊಬ್ಬರದನ್ನು ಬೇರೆ ಮಾಡಿ, ಮೊದಲ ಪುಟ ಬರೆಯಿರಿ. ಆಮೇಲೆ ಪ್ರತಿ ಅಮಾವಾಸ್ಯೆಗೊಮ್ಮೆ ಆ ತಿಂಗಳ ಹೊಸ ಕಾಗದಗಳನ್ನು ಸೇರಿಸಿದರೆ ಸಾಕು. ಮುಗಿದ ಮೇಲೆ ಮನೆಯ ಎಲ್ಲರನ್ನೂ ಕರೆದು ಪೆಟ್ಟಿಗೆ ಎಲ್ಲಿದೆ ಎಂದು ತೋರಿಸಿ. ನಡುರಾತ್ರಿ ದೀಪ ಹೋದಾಗಲೂ ಯಾರ ಕೈಗಾದರೂ ಅದು ಸಿಗುವಂತಿದ್ದರೆ ನಿಮ್ಮ ಕೆಲಸ ಪೂರ್ಣವಾದಂತೆ.

ಸಕಲ ಸದ್ಭಕ್ತರ ಮನೆಗಳಲ್ಲಿ ಆರೋಗ್ಯ ನೆಲೆಸಲಿ. ಶರಣು ಶರಣಾರ್ಥಿ.